ಹನ್ನೊಂದು ವರದಿಗಳ ಒಂದು ಸಾಲು

ಆ ದಿನ ಸ್ಪಾಟಿಗೆ ಹೋಗುವ ಸರದಿ ನನ್ನದು. ನಮ್ಮ ಜಿಲ್ಲೆಯ ವರದಿಗಾರರಲ್ಲಿ ಹೀಗೊಂದು ಪದ್ಧತಿ ಇದೆ. ಓದುಗರಿಗೆ ಅದು ಗೊತ್ತಿಲ್ಲ, ಗೊತ್ತಾಗಲಿ ಎಂದು ನಾವು ಬಯಸಿದವರೂ ಅಲ್ಲ. ಎಲ್ಲಿಯಾದರೂ ಅಪಘಾತವಾದರೆ, ಯಾರಾದರೂ ಸತ್ತರೆ ಎಲ್ಲರೂ ಓಡುವುದಿಲ್ಲ. ಹತ್ತಿರ ಇರುವ ಒಬ್ಬರು ಹೋಗಿ, ನೋಡಿ, ಬರೆದು ವರದಿಗಾರರ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕುತ್ತಾರೆ. ಉಳಿದವರು ಉಡುಪಿಯ ಕಚೇರಿಗಳಲ್ಲಿ ಫ್ಯಾನಿನಡಿ ಕುಳಿತು ತಲೆಬರಹ ಬದಲಿಸಿ, ಎರಡನೇ ಪ್ಯಾರಾವನ್ನು ಮೊದಲು ಹಾಕಿ ತಮ್ಮ ತಮ್ಮ ಪತ್ರಿಕೆಗೆ ಕಳಿಸುತ್ತಾರೆ. ಮುಂದಿನ ಸಲ ಬೇರೆಯವರ ಸರದಿ. ಮರುದಿನ ಓದುಗ ಎರಡು ಮೂರು ಪತ್ರಿಕೆ ತಿರುವಿ, ಎಲ್ಲರೂ ಒಂದೇ ಮಾತು ಬರೆದಿದ್ದಾರೆ ಎಂದ ಮೇಲೆ ಅದು ನಿಜವೇ ಇರಬೇಕು ಎಂದುಕೊಳ್ಳುತ್ತಾನೆ.

ನನ್ನ ಮನೆ ಕಾಪುವಿನಲ್ಲಿ. ದೋಣಿ ಮಗುಚಿದ ಹೊಳೆ ಅಲ್ಲಿಂದ ಸ್ಕೂಟರಿನಲ್ಲಿ ಕಾಲು ಗಂಟೆಯ ದಾರಿ. ಹಾಗಾಗಿ ಹನ್ನೆರಡಕ್ಕೆ ಮೊದಲೇ ನಾನು ದಡದಲ್ಲಿದ್ದೆ.

ಅದು ಮರುವಾಯಿಯ, ಅಂದರೆ ತಿನ್ನುವ ಚಿಪ್ಪುಮೀನಿನ ಕಾಲ. ನೀರು ಇಳಿದಾಗ ಹೊಳೆಯ ನಡುವೆ ಮರಳಿನ ದಿಬ್ಬ ಏಳುತ್ತದೆ. ಊರಿನ ಹೆಂಗಸರು ದೋಣಿಯಲ್ಲಿ ಅಲ್ಲಿಗೆ ಹೋಗಿ, ಮೊಣಕಾಲು ನೀರಿನಲ್ಲಿ ಬಗ್ಗಿ ಮರಳಿನಿಂದ ಮರುವಾಯಿ ಚಿಪ್ಪುಗಳನ್ನು ಬಾಚುತ್ತಾರೆ. ಉಬ್ಬರ ಶುರುವಾದಾಗ ವಾಪಸು ಬರುತ್ತಾರೆ. ಅಂದು ದೋಣಿಯಲ್ಲಿ ಏಳು ಮಂದಿ ಹೆಂಗಸರು, ದೋಣಿ ನಡೆಸುವವರು ಒಬ್ಬರು. ವಾಪಸು ಬರುವಾಗ ಹೊಳೆಯ ನಡುವೆ ದೋಣಿ ಮಗುಚಿತು. ನಾಲ್ವರು ಹೆಂಗಸರೂ ದೋಣಿಯವರೂ ಸತ್ತರು. ಉಳಿದ ಮೂವರನ್ನು ನಾನು ತಲುಪುವ ಮೊದಲೇ ಉಡುಪಿಯ ಆಸ್ಪತ್ರೆಗೆ ಕರೆದೊಯ್ದಿದ್ದರು.

ದೋಣಿಯವರಿಗೆ ಅರುವತ್ತರ ಹತ್ತಿರದ ಪ್ರಾಯ. ಕೊಂಕಣಿ ಮಾತಾಡುವ ಕ್ರೈಸ್ತ ಮನೆಯವರು. ಊರಿನವರೆಲ್ಲ ಅವರನ್ನು ಪೊರ್ಬುಗಳು ಎಂದೇ ಕರೆಯುತ್ತಿದ್ದರು; ನಮ್ಮ ಕಡೆ ಕ್ರೈಸ್ತ ಗಂಡಸರನ್ನು ಗೌರವದಿಂದ ಕರೆಯುವುದು ಹಾಗೆ. ಅವರ ಹೆಣ ಸಿಕ್ಕಾಗ ನಾನು ಹತ್ತು ಮಾರು ದೂರದಲ್ಲಿ ನಿಂತು ಸತ್ತವರ ಹೆಸರು ಬರೆದುಕೊಳ್ಳುತ್ತಿದ್ದೆ. ಕಚೇರಿಯಿಂದ ಮೇಲಿಂದ ಮೇಲೆ ಫೋನು. ಟಿವಿಯಲ್ಲಿ ಆಗಲೇ ಬರುತ್ತಿದೆ, ನಿನ್ನದು ಎಲ್ಲಿ, ಕಾರಣ ಏನು, ಕಾರಣ ಹಾಕದೆ ಕಳಿಸಬೇಡ ಎಂಬ ಒತ್ತಡ.

ಕಾರಣ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವರು ಮೂವರು ಆಸ್ಪತ್ರೆಯಲ್ಲಿದ್ದರು, ಐವರು ಸತ್ತಿದ್ದರು. ದಡದ ಮೇಲೆ ಹೊಸದಾಗಿ ಕಟ್ಟುತ್ತಿದ್ದ ಒಂದು ಹೋಮ್‌ಸ್ಟೇಯ ಮಹಡಿಯಲ್ಲಿ ವಯರಿಂಗ್ ಮಾಡುತ್ತಿದ್ದವನೊಬ್ಬ, ತಾನು ಮೇಲಿನಿಂದ ನೋಡಿದೆ ಎಂದು ಸೇರಿದವರಿಗೆಲ್ಲ ಹೇಳುತ್ತಿದ್ದ. ನಾನು ಅವನನ್ನು ಹಿಡಿದೆ.

"ದೋಣಿಯವರು ನಿಂತಲ್ಲೇ ಆಚೆ ಈಚೆ ವಾಲ್ತಾ ಇದ್ರು ಮೇಡಂ. ಒಮ್ಮೆ ಬಗ್ಗಿದ್ರು, ಮತ್ತೆ ಎದ್ರು, ಮತ್ತೆ ಬಗ್ಗಿದ್ರು. ಮತ್ತೆ ದೋಣಿಯೇ ಕವುಚಿತು" ಎಂದ.

"ಕುಡಿದಿದ್ರಾ?" ಎಂದು ಕೇಳಿದೆ.

"ಇರ್ಬಹುದು. ಸರಿ ನಿಂತ ಹಾಗೆ ಕಾಣ್ಲಿಲ್ಲ ಅಲ್ವಾ."

ಕುಡಿತದ ಮಾತು ಅವನ ಬಾಯಿಂದ ಬರಲಿಲ್ಲ, ನನ್ನ ಬಾಯಿಂದ ಬಂತು. ಅವನು ಹೂಂ ಎಂದ, ಅಷ್ಟೇ. ಸ್ಕೂಟರಿನ ಸೀಟಿನ ಮೇಲೆ ಫೋನಿಟ್ಟು ನಾನು ಬರೆದ ಸಾಲು ಇದು: ದೋಣಿ ನಡೆಸುತ್ತಿದ್ದ ವ್ಯಕ್ತಿ ಪಾನಮತ್ತನಾಗಿದ್ದುದೇ ದುರಂತಕ್ಕೆ ಕಾರಣ ಎಂದು ಪ್ರತ್ಯಕ್ಷದರ್ಶಿಗಳು ತಿಳಿಸಿದ್ದಾರೆ. ಒಬ್ಬನ ಊಹೆಗೆ ನಾನು ಹಲವರ ಸಾಕ್ಷಿಯ ಅಂಗಿ ತೊಡಿಸಿದ್ದೆ. ಬರೆಯುವಾಗ ಕೈ ತಡವರಿಸಲಿಲ್ಲ, ನಿಜ ಹೇಳಬೇಕಲ್ಲ. ಇಂಥ ಸಾಲುಗಳನ್ನು ಎಷ್ಟೋ ಬರೆದಿದ್ದೆ. ಒಂದೂ ಕಾಲು ಗಂಟೆಗೆ ಗ್ರೂಪಿಗೆ ಹಾಕಿದೆ. ಎರಡು ನಿಮಿಷದಲ್ಲಿ ಸಾಲುಸಾಲಾಗಿ ಹೆಬ್ಬೆರಳುಗಳು ಎದ್ದವು.

ಸಂಜೆಯ ಟಿವಿಯಲ್ಲಿ ಠಾಣೆಯ ಅಧಿಕಾರಿ ಮೈಕಿನ ಮುಂದೆ ನಿಂತು, ದೋಣಿಯವರು ಮದ್ಯ ಸೇವಿಸಿದ್ದ ಬಗ್ಗೆ ಮಾಹಿತಿ ಬಂದಿದೆ, ತನಿಖೆ ನಡೆಯುತ್ತಿದೆ ಎಂದರು. ಅದನ್ನು ನೋಡಿ ನನಗೆ ಹಾಯೆನಿಸಿತು. ಪೊಲೀಸರೇ ಹೇಳಿದ ಮೇಲೆ ಇನ್ನೇನು, ನನ್ನ ಸಾಲು ಗಟ್ಟಿಯಾಯಿತು ಎಂದುಕೊಂಡೆ. ಮರುದಿನದ ವರದಿಯಲ್ಲಿ ಪ್ರತ್ಯಕ್ಷದರ್ಶಿಗಳನ್ನು ತೆಗೆದು ಪೊಲೀಸರನ್ನು ಹಾಕಿದೆ.

ಇಪ್ಪತ್ತು ದಿನ ಕಳೆದ ಮೇಲೆ ಉಡುಪಿಯ ನಮ್ಮ ಕಚೇರಿಗೆ ಒಬ್ಬಳು ಹುಡುಗಿ ಬಂದಳು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಫೈಲು. ಪೊರ್ಬುಗಳ ಮಗಳು. ಮಣಿಪಾಲದ ಒಂದು ಲ್ಯಾಬಿನಲ್ಲಿ ಕೃತಕ ಹಲ್ಲಿನ ಸೆಟ್ಟು ಮಾಡುವ ಕೆಲಸ ಅವಳದು. ಅಳಲಿಲ್ಲ, ಬೈಯಲಿಲ್ಲ. ನನ್ನ ಮೇಜಿನ ಮೇಲೆ ಹನ್ನೊಂದು ಕಾಗದ ಒಂದೊಂದಾಗಿ ಹರವಿದಳು. ಆರು ಪತ್ರಿಕೆಯ ಕಟಿಂಗು, ಐದು ವೆಬ್‌ಸೈಟಿನ ಪ್ರಿಂಟು.

"ಅಕ್ಕ, ಇದರಲ್ಲಿ ತೀರಿಹೋದ ಒಬ್ಬರ ಗಂಡ ಮಸ್ಕತ್‌ನಲ್ಲಿ ಇರುದು ಅಂತ ಉಂಟು. ಹನ್ನೊಂದರಲ್ಲೂ ಉಂಟು. ಅವರು ಇರುದು ಕುವೈತ್‌ನಲ್ಲಿ. ಹನ್ನೊಂದು ಜನ ಬೇರೆ ಬೇರೆ ಕೇಳಿ ಬರ್ದಿದ್ರೆ ಹನ್ನೊಂದು ಜನಕ್ಕೂ ಒಂದೇ ತಪ್ಪು ಆಗ್ತದಾ? ಒಂದೇ ಅಚ್ಚಲ್ಲಿ ತೆಗ್ದ ಹಲ್ಲು ನಮಗೆ ನೋಡಿದ ಕೂಡಲೇ ಗೊತ್ತಾಗ್ತದೆ."

ಮಸ್ಕತ್ ಎಂಬ ಪದವನ್ನು ನಾನು ಒಂದೊಂದು ಕಾಗದದಲ್ಲೂ ಹುಡುಕಿದೆ.

"ನನ್ನ ಅಪ್ಪ ಕುಡಿದಿದ್ರು ಅಂತ ಹೇಳಿದ್ದು ಯಾರು? ಹೆಸರು ಹೇಳಿ ಸಾಕು. ನನಗೆ ಗಲಾಟೆ ಮಾಡ್ಲಿಕ್ಕಿಲ್ಲ. ಒಂದೇ ಒಂದು ಸಲ ಕೇಳ್ಲಿಕ್ಕುಂಟು."

"ಪೊಲೀಸರು ಹೇಳಿದ್ದಮ್ಮ" ಎಂದೆ.

"ನಾನು ಸ್ಟೇಷನ್ನಿಗೆ ಹೋಗಿಯೇ ಬಂದದ್ದು. ಅವರು, ಪೇಪರಲ್ಲಿ ಬಂದದ್ದಲ್ವಾ ಅಂತ ಹೇಳಿದ್ರು."

ಅವಳು ಆಮೇಲೆ ಹೇಳಿದ್ದು ಮನೆಯ ವಿಷಯ. ಸತ್ತ ನಾಲ್ವರು ಹೆಂಗಸರ ಮನೆ ಅವರ ಮನೆಯಿಂದ ಕೂಗಿದರೆ ಕೇಳುವಷ್ಟು ದೂರ. ಆ ಮನೆಗಳವರು ಯಾರೂ ಈಗ ಅವಳ ತಾಯಿಯ ಹತ್ತಿರ ಮಾತಾಡುವುದಿಲ್ಲ. ಸ್ವಸಹಾಯ ಸಂಘದ ವಾರದ ಸಭೆಗೆ ಸದ್ಯಕ್ಕೆ ಬರುವುದು ಬೇಡ ಎಂದಿದ್ದಾರಂತೆ. ಚರ್ಚಿನಲ್ಲಿ ತಾಯಿ ಕುಳಿತ ಬೆಂಚಿನಲ್ಲಿ ಬೇರೆ ಯಾರೂ ಕೂರುವುದಿಲ್ಲವಂತೆ. "ಅಪ್ಪ ಹೋದದ್ದಕ್ಕೆ ಅಳ್ಳಿಕ್ಕೂ ಮರ್ಯಾದಿ ಬೇಕಲ್ಲ ಅಕ್ಕ. ಮನೆ ಒಳಗೆ ಅಳುವಾಗಲೂ ಅಮ್ಮ ಕಿಟಕಿ ಹಾಕ್ತಾರೆ."

ವಿಚಾರಿಸುತ್ತೇನೆ ಎಂದೆ. ನಿಜವಾಗಿ ಅವಳನ್ನು ಎಬ್ಬಿಸಿ ಕಳಿಸಲಿಕ್ಕೆ ಹೇಳಿದ ಮಾತು ಅದು. ಆದರೆ ಅವಳು ಮೆಟ್ಟಿಲಿಳಿದು ಹೋದ ಮೇಲೆ ಅಂದಿನ ನೋಟ್‌ಬುಕ್ ತೆಗೆದೆ. ಸತ್ತವರ ಹೆಸರು, ವಯಸ್ಸು, ಮನೆ. ಕೊನೆಯಲ್ಲಿ "ವಾಲುತ್ತಿದ್ದರು – ಎಲೆಕ್ಟ್ರಿಷಿಯನ್, ಕಾರ್ಕಳ", ಮತ್ತೊಂದು ಫೋನ್ ನಂಬರು. ಐದು ಜನ ಸತ್ತ ದುರಂತದ ಕಾರಣಕ್ಕೆ ನನ್ನ ಬಳಿ ಇದ್ದ ಆಧಾರ ಅರ್ಧ ಸಾಲು. ಮುಖ ಸುಟ್ಟಂತಾಯಿತು.

ಮೊದಲು ಠಾಣೆಗೆ ಹೋದೆ. ಅಧಿಕಾರಿ ಒಳ್ಳೆಯ ಮನುಷ್ಯ, ಚಹಾ ತರಿಸಿದರು.

"ಟಿವಿಯವರಿಗೆ ಹೇಳಿದ್ದು ನಾನೇ. ಅವರೇ ಕೇಳಿದ್ರು ಮೇಡಂ, ಕುಡಿದಿದ್ನಂತೆ ಹೌದಾ ಸಾರ್ ಅಂತ. ಹಾಗೆ ಮಾಹಿತಿ ಬಂದಿದೆ, ನೋಡ್ತೇವೆ ಅಂದೆ."

"ಮಾಹಿತಿ ಕೊಟ್ಟದ್ದು ಯಾರು ಸಾರ್?"

"ಕೇಳಿದ ಆ ಟಿವಿಯವರೇ ಅಲ್ವಾ ಕೊಟ್ಟದ್ದು!" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ ಕಡತ ತೋರಿಸಿದರು. ಯಾರೋ ಪಂಚಾಯತ್ ಸದಸ್ಯರು ಪತ್ರಿಕೆ ಓದಿ ಕೊಟ್ಟ ದೂರು. ಆರೋಪಿ ಒಬ್ಬರೇ, ದೋಣಿಯವರು. "ಆರೋಪಿಯೇ ತೀರಿಹೋದ ಮೇಲೆ ಕೇಸು ನಿಲ್ಲುದಿಲ್ಲ ಮೇಡಂ. ಮುಚ್ಚುದೇ."

ಟಿವಿಯ ವರದಿಗಾರನಿಗೆ ಫೋನು ಮಾಡಿದೆ. "ಎಂತ ಮಾರಾಯ್ತಿ, ನೀನೇ ಗ್ರೂಪಿಗೆ ಹಾಕಿದ್ದಲ್ವಾ? ಒಂದೂಕಾಲು ಗಂಟೆಗೆ. ನೋಡು, ಈಗಲೂ ಉಂಟು" ಎಂದ. ವೆಬ್‌ಸೈಟಿನವರಲ್ಲಿ ಇಬ್ಬರು ಟಿವಿ ನೋಡಿ ಬರೆದವರು, ಮೂವರು ಗ್ರೂಪಿನಿಂದ ಎತ್ತಿಕೊಂಡವರು. ನಾನು ಒಂದು ದಿನವಿಡೀ ಆ ಸಾಲಿನ ಹಿಂದೆ ಸುತ್ತಿ ಬಂದು ನಿಂತದ್ದು ನನ್ನ ಸ್ಕೂಟರಿನ ಸೀಟಿನ ಹತ್ತಿರ. ಪೊಲೀಸರು ಹೇಳಿದ್ದಾರೆ ಎಂದು ಹಾಯೆನಿಸಿಕೊಂಡೆನಲ್ಲ, ಅವರು ಹೇಳಿದ್ದು ನಾನು ಹೇಳಿದ್ದನ್ನೇ. ಇಷ್ಟು ವರ್ಷದಲ್ಲಿ ನಾನು "ಖಚಿತಪಡಿಸಿದ" ಸುದ್ದಿಗಳಲ್ಲಿ ಹೀಗೆ ಎಷ್ಟು ಇದ್ದಿರಬಹುದು?

ಮರುದಿನ ಕಾರ್ಕಳಕ್ಕೆ ಬಸ್ಸು ಹಿಡಿದೆ. ವಯರಿಂಗ್‌ನವನು ಬೇರೊಂದು ಕಟ್ಟಡದಲ್ಲಿ ಏಣಿಯ ಮೇಲಿದ್ದ. ಕೆಳಗೆ ಇಳಿದು ಕೈ ಒರೆಸಿಕೊಂಡ.

"ಮೇಡಂ, ನಾನು ಆ ಹೊಳೆ ನೋಡಿದ್ದೇ ಅವತ್ತು. ದೋಣಿ ಹೇಗೆ ನಡೆಸ್ತಾರೆ ಅಂತ ನನಗೆಂತ ಗೊತ್ತು? ನೀವು ಕೇಳಿದ್ರಿ, ನಾನು ಇರ್ಬಹುದು ಅಂದೆ. ಮತ್ತೆ ಪೇಪರಲ್ಲಿ ಬಂತಲ್ಲ, ಆಗ ನನಗೂ ಧೈರ್ಯ ಬಂತು. ಓ, ನಾನು ಅಂದಾಜು ಮಾಡಿದ್ದು ಸರಿಯೇ, ಇವರು ವಿಚಾರಿಸಿಯೇ ಹಾಕಿರ್ತಾರೆ ಅಂತ. ಈಗ ಯಾರಾದ್ರೂ ಕೇಳಿದ್ರೆ ಕುಡಿದೇ ಇದ್ರು ಅಂತ ಗಟ್ಟಿಯಾಗಿ ಹೇಳ್ತೇನೆ ನಾನು."

ಅವನ ಮೇಲೆ ಸಿಟ್ಟು ಬರಲಿಲ್ಲ. ಅವನು ಪತ್ರಿಕೆಯನ್ನು ನಂಬಿದವನು. ಸಿಟ್ಟು ಬರಬೇಕಾದದ್ದು ಅಲ್ಲೇ ಅವನ ಎದುರು ನಿಂತಿದ್ದವಳ ಮೇಲೆ.

ಇನ್ನು ಉಳಿದದ್ದು, ಮೊದಲ ದಿನವೇ ಮಾಡಬೇಕಾಗಿದ್ದ ಕೆಲಸ. ಬದುಕಿ ಉಳಿದ ಮೂವರಲ್ಲಿ ಇಬ್ಬರು ನನ್ನನ್ನು ಕಂಡು ಒಳಗೆ ಹೋದರು. ಮೂರನೆಯವಳು ಅಂಗಳದಲ್ಲಿ ಮೀನು ಒಣಗಿಸುತ್ತಿದ್ದಳು. ಕೈಯ ಕೆಲಸ ಬಿಡದೆಯೇ ತುಳುವಿನಲ್ಲಿ ಹೇಳಿದಳು. ಅದರ ಕನ್ನಡ ಇಷ್ಟು: "ಪೊರ್ಬುಗಳು ಕೋಲು ಹಾಕಿದರು, ಅಡಿ ಸಿಗಲಿಲ್ಲ. ಇನ್ನೂ ಬಗ್ಗಿ ಹಾಕಿದರು, ಸಿಗಲಿಲ್ಲ. ನಮ್ಮ ಕಡೆ ತಿರುಗಿ, ಯಾರೂ ಅಲುಗಾಡಬೇಡಿ, ಇಲ್ಲಿ ಹೊಳೆ ಹಾಳಾಗಿದೆ ಎಂದರು. ಆಮೇಲೆ ನೀರು ಎಳೆಯಿತು."

ಆ ಹೊಳೆಯಲ್ಲಿ ದೋಣಿ ನಡೆಸುವುದು ಬಿದಿರಿನ ಉದ್ದ ಕೋಲನ್ನು ಅಡಿಗೆ ಊರಿ ತಳ್ಳುತ್ತ. ಅಡಿ ಸಿಗದ ಕೋಲು ಕೈಯಲ್ಲಿದ್ದರೆ ದೋಣಿ ನಮ್ಮ ಅಧೀನದಲ್ಲಿ ಇರುವುದಿಲ್ಲ. ಹುಟ್ಟಿನಿಂದ ಅದೇ ಹೊಳೆಯಲ್ಲಿದ್ದ ಮನುಷ್ಯ ಆಚೆ ಈಚೆ ವಾಲಿದ್ದು ನೆಲ ಹುಡುಕುತ್ತ. ಮಹಡಿಯ ಮೇಲಿನಿಂದ ಅದು ಬೇರೆಯೇ ಆಗಿ ಕಂಡಿತು.

ಆದರೆ ಹೆಂಗಸೊಬ್ಬಳ ಮಾತು ಎಂದು ಅದನ್ನು ತಳ್ಳಿಹಾಕುವವರು ಹತ್ತು ಜನ ಇದ್ದರು. ಈ ಸಲ ನಾನು ಅವಸರ ಮಾಡಲಿಲ್ಲ. ದುರಂತವಾದದ್ದು ಅಮಾವಾಸ್ಯೆಯ ಮಾರನೇ ದಿನ. ಮುಂದಿನ ಅಮಾವಾಸ್ಯೆಯ ಮಾರನೇ ದಿನ ನೀರು ಸುಮಾರು ಅದೇ ಹೊತ್ತಿಗೆ ಅದೇ ಎತ್ತರಕ್ಕೆ ಏರುತ್ತದೆ ಎಂದು ಊರಿನವರು ಹೇಳಿದರು. ಅಷ್ಟು ದಿನ ಕಾದೆ. ಒಂದು ನೈಲಾನ್ ಹಗ್ಗಕ್ಕೆ ಅಡಿಗೊಂದು ಗಂಟು ಹಾಕಿ, ತುದಿಗೆ ಬಲೆಯ ಸೀಸದ ಗುಂಡುಗಳನ್ನು ಕಟ್ಟಿದೆ. ಮೀನು ಒಣಗಿಸುತ್ತಿದ್ದವಳ ಅಣ್ಣ ತನ್ನ ದೋಣಿಯಲ್ಲಿ ಕರೆದುಕೊಂಡು ಹೋದರು. ಹೊರಡುವ ಮೊದಲು, ಅಂದು ತೇಲಿ ಬಂದು ದಡದಲ್ಲೇ ಬಿದ್ದಿದ್ದ ಪೊರ್ಬುಗಳ ಕೋಲನ್ನು ಅಳೆದೆವು. ಹದಿನಾಲ್ಕು ಅಡಿ.

ದಿಬ್ಬದಿಂದ ದಡದ ಕಡೆಗೆ, ಅವರು ಬರುತ್ತಿದ್ದ ದಾರಿಯಲ್ಲೇ ನಿಧಾನವಾಗಿ ಬಂದೆವು. ಹತ್ತು ಮಾರಿಗೊಮ್ಮೆ ಹಗ್ಗ ಬಿಟ್ಟು ಗಂಟು ಎಣಿಸಿದೆ. ಐದು. ಆರು. ಆರು. ಆಮೇಲೆ ಹಗ್ಗ ಹೋಗುತ್ತಲೇ ಇತ್ತು, ನಿಲ್ಲಲಿಲ್ಲ. ಹತ್ತೊಂಬತ್ತು. ಅದರಾಚೆ ಇಪ್ಪತ್ತೊಂದು. ಮತ್ತೆ ಏಳು. ಹೊಳೆಯ ನಡುವೆ ಯಾರೋ ಬಾವಿ ತೋಡಿಟ್ಟ ಹಾಗೆ ಒಂದು ಗುಂಡಿ. ದೋಣಿಯಲ್ಲಿ ಕುಳಿತೇ ಇದ್ದರೂ ಹೆದರಿಕೆಯಾಯಿತು.

"ಕಳೆದ ವರ್ಷ ನೀರು ಇಳಿದಾಗ ಇಲ್ಲಿ ಸೊಂಟದಷ್ಟೇ ಇದ್ದದ್ದು" ಎಂದರು ಅಣ್ಣ. ತಲೆಯನ್ನು ಸ್ವಲ್ಪವೇ ತಿರುಗಿಸಿ ಆಚೆ ದಡ ತೋರಿಸಿದರು. ಅಲ್ಲಿ ಮರಳಿನ ಧಕ್ಕೆ. ಹೊಳೆಯಿಂದ ತೆಗೆದ ಮರಳನ್ನು ರಾಶಿ ಹಾಕಿ ಲಾರಿಗೆ ತುಂಬುವ ಜಾಗ. ಎಲ್ಲಿ ತೆಗೆಯಬೇಕು, ಎಷ್ಟು ಆಳ ತೆಗೆಯಬೇಕು ಎಂಬುದಕ್ಕೆ ಕಾಗದದಲ್ಲಿ ನಿಯಮ ಇದೆ.

"ಇದನ್ನು ನೀವು ಹೇಳಿದ್ದು ಅಂತ ಬರೀಬಹುದಾ?" ಎಂದು ಕೇಳಿದೆ.

"ನನ್ನ ಹೆಸರು ಬೇಡ ಅಕ್ಕ, ತಂಗಿಯದ್ದೂ ಬೇಡ. ಧಕ್ಕೆಯವರು ನಮ್ಮ ಎದುರೇ ಇರುದು. ನನಗೆ ನಾಳೆಯೂ ಇದೇ ಹೊಳೆಗೆ ಇಳಿಲಿಕ್ಕುಂಟು."

ಒಂದು ಸುಳ್ಳಿಗೆ ಹೆಸರಿಲ್ಲದ ಹತ್ತು ಸಾಕ್ಷಿ ಹುಟ್ಟಿಸಿದವಳ ಕೈಯಲ್ಲಿ ಈಗ ಒಂದು ನಿಜ ಇತ್ತು, ಅದಕ್ಕೆ ಹೆಸರು ಕೊಡುವ ಒಬ್ಬ ಸಾಕ್ಷಿಯೂ ಇರಲಿಲ್ಲ. ನನಗೆ ಸರಿಯಾಗಿಯೇ ಆಯಿತು.

ಗಂಟುಗಳ ಅಳತೆ, ಫೋಟೋ, ವಯರಿಂಗ್‌ನವನ ಮಾತು, ಎಲ್ಲ ಸೇರಿಸಿ ಬರೆದು ಬ್ಯೂರೋ ಮುಖ್ಯಸ್ಥರಿಗೆ ಕೊಟ್ಟೆ. ಮೊದಲ ಪ್ಯಾರಾದಲ್ಲಿಯೇ, ನಮ್ಮ ಪತ್ರಿಕೆಯ ಹಿಂದಿನ ವರದಿ ತಪ್ಪು, ಅದಕ್ಕೆ ಆಧಾರ ಇರಲಿಲ್ಲ ಎಂದು ಹಾಕಿದ್ದೆ. ಅವರು ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದು ಆಗುದಿಲ್ಲ ಮಾರಾಯ್ತಿ. ತಿದ್ದುಪಡಿ ಹಾಕಿದ್ರೆ ನಾಳೆ ಯಾರೂ ನಮ್ಮ ಒಂದು ಸುದ್ದಿಯನ್ನೂ ನಂಬುದಿಲ್ಲ. ಬೇರೆ ಹತ್ತು ಕಡೆ ಬಂದಿದೆ, ಅವರು ಹಾಕಿದ್ದಾರಾ ತಿದ್ದುಪಡಿ?"

"ಅವರು ಬರೆದದ್ದು ನನ್ನದನ್ನು ನೋಡಿ ಸಾರ್."

"ಅದು ಓದುವವರಿಗೆ ಗೊತ್ತುಂಟಾ? ಇಲ್ಲ ಅಲ್ವಾ. ಮತ್ತೆ ನೀನ್ಯಾಕೆ ಹೇಳ್ಲಿಕ್ಕೆ ಹೋಗುದು? ಲ್ಯಾಬಿನ ರಿಪೋರ್ಟು ಬರ್ಲಿ, ಆಗ ನೋಡುವ."

ಪೋಸ್ಟ್‌ಮಾರ್ಟಮ್ ವೇಳೆ ತೆಗೆದ ಮಾದರಿಗಳನ್ನು ಪರೀಕ್ಷೆಗೆ ಕಳಿಸಿದ್ದರು. ಆ ವರದಿ ಬರಲು ತಿಂಗಳುಗಳು ಹಿಡಿಯುತ್ತವೆ ಎಂಬುದು ಅವರಿಗೂ ಗೊತ್ತು, ನನಗೂ ಗೊತ್ತು. ಅಷ್ಟರಲ್ಲಿ ಕಡತ ಮುಚ್ಚಿ, ಎಲ್ಲರೂ ಕೈ ತೊಳೆದುಕೊಂಡಿರುತ್ತಾರೆ. ಮರಳಿನ ಸುದ್ದಿಯನ್ನಾದರೂ ಹಾಕಿ ಎಂದೆ. ಅವರು ಫೋನು ಎತ್ತಿಕೊಂಡರು.

ಎರಡು ದಿನ ಆ ಬರಹವನ್ನು ಚೀಲದಲ್ಲೇ ಇಟ್ಟುಕೊಂಡು ತಿರುಗಿದೆ. ಕೆಲಸ ಹೋದರೆ ಎಂಬ ಹೆದರಿಕೆ ಇತ್ತು, ಇಲ್ಲವೆಂದರೆ ಅದೂ ಒಂದು ಸುಳ್ಳು. ಆದರೆ ಪತ್ರಿಕೆಯಲ್ಲಿ ಹೇಳಲಾಗದ್ದನ್ನು ಬೇರೆ ಕಡೆ ಹೇಳುವುದಕ್ಕೆ ಯಾರ ಅಪ್ಪಣೆಯೂ ಬೇಡ ಎಂಬುದು ಮೂರನೇ ದಿನ ಹೊಳೆಯಿತು. ದುರಂತದ ಬಗ್ಗೆ ಕಂದಾಯ ಇಲಾಖೆಯ ಅಧಿಕಾರಿಯೊಬ್ಬರು ವಿಚಾರಣೆ ನಡೆಸುತ್ತಿದ್ದರು. ಒಂದು ಬಿಳಿ ಹಾಳೆಯಲ್ಲಿ ನನ್ನ ಹೇಳಿಕೆ ಬರೆದುಕೊಂಡು ಅವರ ಕಚೇರಿಗೆ ಹೋದೆ.

ಅವರ ಕಡತದಲ್ಲಿ ಬಣ್ಣದ ಚೀಟಿ ಅಂಟಿಸಿ ಜೋಡಿಸಿಟ್ಟಿದ್ದರು, ಅದೇ ಹನ್ನೊಂದು ವರದಿಗಳನ್ನು. ಕುಡಿತದ ಸಾಲಿನ ಕೆಳಗೆ ಹನ್ನೊಂದು ಕಡೆಯೂ ಹಸಿರು ಶಾಯಿಯ ಗೆರೆ.

"ಹನ್ನೊಂದು ಕಡೆ ಒಂದೇ ರೀತಿ ವರದಿಯಾಗಿದೆಯಲ್ಲ ಮೇಡಂ" ಎಂದರು.

"ಹನ್ನೊಂದಲ್ಲ ಸಾರ್, ಒಂದು. ಆ ಒಂದು ನಾನು."

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಗ್ರೂಪಿನ ಪದ್ಧತಿಯನ್ನು ಮೊದಲಿನಿಂದ ವಿವರಿಸಿದೆ. ಒಂದೂಕಾಲು ಗಂಟೆಯ ನನ್ನ ಸಂದೇಶ ತೋರಿಸಿದೆ. ಮಸ್ಕತ್ತಿನ ತಪ್ಪು ತೋರಿಸಿದೆ. ವಯರಿಂಗ್‌ನವನಿಗೆ ಕುಡಿತದ ಮಾತು ಎತ್ತಿಕೊಟ್ಟವಳು ನಾನು ಎಂದು ಬರೆದು ಸಹಿ ಹಾಕಿದೆ. ಹಗ್ಗದ ಅಳತೆಯನ್ನೂ ಕೊಟ್ಟೆ. ಅವರು ಎಲ್ಲ ತೆಗೆದುಕೊಂಡು, ಅಳತೆಯ ಹಾಳೆಯನ್ನು ಮಾತ್ರ ಎರಡು ಸಲ ತಿರುವಿ ನೋಡಿ, "ಇದು ನೀವು ಅಳೆದದ್ದು, ಇಲಾಖೆ ಅಳೆದದ್ದಲ್ಲ" ಎಂದರು.

"ಹಾಗಾದರೆ ಇಲಾಖೆ ಅಳೆಯಲಿ ಸಾರ್" ಎಂದೆ. ಬರೆದುಕೊಂಡರು.

ಈ ವಿಷಯ ಉಡುಪಿಗೆ ನನಗಿಂತ ಮೊದಲು ತಲುಪಿತು. ಸಂಜೆಯ ಹೊತ್ತಿಗೆ ನನ್ನನ್ನು ಗ್ರೂಪಿನಿಂದ ತೆಗೆದಿದ್ದರು. ಒಬ್ಬ ಹಳೆಯ ಗೆಳೆಯ ಫೋನು ಮಾಡಿ, "ನೀನು ಸತ್ಯ ಹೇಳು, ಬೇಡ ಹೇಳ್ಲಿಲ್ಲ. ನಮ್ಮನ್ನೆಲ್ಲ ಯಾಕೆ ಅದರಲ್ಲಿ ಎಳ್ದದ್ದು? ನಾವೆಲ್ಲ ಕೂತಲ್ಲೇ ಬರೆಯುವವರು ಅಂತ ಆಫೀಸರನಿಗೆ ಬರ್ದು ಕೊಟ್ಟಿದ್ದೀಯಲ್ಲ!" ಎಂದ. ಅದರಲ್ಲಿ ಸುಳ್ಳು ಯಾವುದು ಎಂದು ಕೇಳಿದೆ. ಫೋನು ಇಟ್ಟ. ನಮ್ಮ ಕಚೇರಿಯಲ್ಲಿ ನನ್ನನ್ನು ವರದಿಯಿಂದ ತೆಗೆದು ಜಾಹೀರಾತು ಪುರವಣಿಗೆ ಹಾಕಿದರು. ಜವಳಿ ಅಂಗಡಿಯ ಉದ್ಘಾಟನೆ, ಶಾಲೆಯ ವಾರ್ಷಿಕೋತ್ಸವ. ಅಲ್ಲಿ ಎಲ್ಲರೂ ಖುಷಿಯಾಗಿಯೇ ಇರುತ್ತಾರೆ.

ಮಳೆಗಾಲ ಮುಗಿಯುವ ಹೊತ್ತಿಗೆ ಪರೀಕ್ಷೆಯ ವರದಿ ಬಂತು. ದೋಣಿಯವರ ದೇಹದಲ್ಲಿ ಮದ್ಯದ ಅಂಶ ಇರಲಿಲ್ಲ. ವಿಚಾರಣೆಯ ವರದಿಯೂ ಅದರ ಬೆನ್ನಿಗೇ ಬಂತು. ಕುಡಿತದ ಮಾತಿಗೆ ಆಧಾರವಿಲ್ಲ, ಉಬ್ಬರದ ಸೆಳೆತಕ್ಕೆ ದೋಣಿಯ ಸಮತೋಲನ ತಪ್ಪಿದ್ದು ದುರಂತಕ್ಕೆ ಕಾರಣ ಎಂದಿತ್ತು. ಗುಂಡಿಯ ಮಾತು ಎಲ್ಲಿಯೂ ಇರಲಿಲ್ಲ. ಅಷ್ಟರಲ್ಲಿ ಒಂದು ಮಳೆಗಾಲದ ನೆರೆ ಹರಿದು ಹೊಳೆಯ ಅಡಿ ಬದಲಾಗಿತ್ತು. ಇನ್ನು ಯಾರು ಹೋಗಿ ಏನನ್ನು ಅಳೆದರೂ ಪ್ರಯೋಜನ ಇರಲಿಲ್ಲ. ವಿಚಾರಣೆಯವರು ಕಾದದ್ದೇ ಅದಕ್ಕೆ ಎಂದು ನನಗೆ ಇವತ್ತಿಗೂ ಅನಿಸುತ್ತದೆ. ಸಾಬೀತು ಮಾಡಲಾರೆ, ಹಾಗಾಗಿ ಇದನ್ನು ನನ್ನ ಅನಿಸಿಕೆ ಎಂದೇ ಓದಿಕೊಳ್ಳಿ.

ನಮ್ಮ ಪತ್ರಿಕೆ ಒಳಪುಟದಲ್ಲಿ ನಾಲ್ಕು ಸಾಲು ಹಾಕಿತು. ದೋಣಿ ದುರಂತ: ಮದ್ಯದ ಅಂಶ ಪತ್ತೆಯಾಗಿಲ್ಲ. ಮೊದಲು ಆ ಮಾತನ್ನು ಎಬ್ಬಿಸಿದ್ದು ಯಾರು ಎಂಬುದಿರಲಿಲ್ಲ. ಉಳಿದ ಹತ್ತರಲ್ಲಿ ಎರಡು ಕಡೆ ಬಂತು, ಎಂಟು ಕಡೆ ಬರಲಿಲ್ಲ. ಹಳೆಯ ವರದಿಗಳು ವೆಬ್‌ಸೈಟುಗಳಲ್ಲಿ ಹಾಗೆಯೇ ಇವೆ. ಆ ಊರಿನ ಹೆಸರು ಹಾಕಿ ಹುಡುಕಿದರೆ ಮೊದಲು ಸಿಗುವುದು ಅವೇ.

ಆ ನಾಲ್ಕು ಸಾಲಿನ ಪತ್ರಿಕೆ ಹಿಡಿದುಕೊಂಡು ಒಂದು ಭಾನುವಾರ ಬೆಳಿಗ್ಗೆ ಪೊರ್ಬುಗಳ ಮನೆಗೆ ಹೋದೆ. ಮಗಳೂ ಇದ್ದಳು. ಊರಿನವರು ಬಾಯಮ್ಮ ಎಂದು ಕರೆಯುವ ಅವಳ ತಾಯಿ ಪತ್ರಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದರು. ಓದಿ ಮಡಚಿದರು.

"ಇದು ಆ ನಾಲ್ಕು ಮನೆಯವರು ಓದಿರ್ತಾರಾ?" ಎಂದು ಕೇಳಿದರು.

ಆ ಮನೆಗಳಲ್ಲಿ ಪತ್ರಿಕೆ ತರಿಸುವವರಿಲ್ಲ. ಅಂದಿನದನ್ನು ಅವರು ಓದಿದ್ದು ಫೋನಿನಲ್ಲಿ, ಯಾರೋ ಕಳಿಸಿದ್ದನ್ನು. ಇದನ್ನು ಯಾರೂ ಯಾರಿಗೂ ಕಳಿಸಿರಲಿಲ್ಲ.

"ಹಾಗಾದ್ರೆ ಬನ್ನಿ. ನೀವು ಬರ್ದದ್ದಲ್ವಾ, ನೀವೇ ಹೇಳ್ಬೇಕು" ಎಂದು ಬಾಯಮ್ಮ ಚಪ್ಪಲಿ ಮೆಟ್ಟಿಕೊಂಡರು.

"ಅಮ್ಮ, ಬೇಡ" ಎಂದಳು ಮಗಳು. ಅವರು ಕೇಳಲಿಲ್ಲ.

ಮೊದಲ ಮನೆಯಲ್ಲಿ ಒಳಗೆ ಟಿವಿಯ ಸದ್ದು ಇತ್ತು, ಬಾಗಿಲು ತೆರೆಯಲಿಲ್ಲ. ಎರಡನೆಯ ಮನೆಯ ಯಜಮಾನರು ಜಗಲಿಯಲ್ಲಿ ನಿಂತೇ ಕೇಳಿಸಿಕೊಂಡು, "ಆಯ್ತು, ಈಗ ಎಂತ ಮಾಡುದು" ಎಂದು ಒಳಗೆ ಹೋದರು. ಮೂರನೆಯ ಮನೆಯಲ್ಲಿ ಹೆಂಡತಿಯನ್ನು ಕಳೆದುಕೊಂಡವನು ಇದ್ದ. ನಾನು ಬರೆದದ್ದು ಸುಳ್ಳು, ಪೊರ್ಬುಗಳು ಕುಡಿದಿರಲಿಲ್ಲ ಎಂದು ಹೇಳಿ ಮುಗಿಸುವವರೆಗೆ ನನ್ನ ಮುಖವನ್ನೇ ನೋಡುತ್ತಿದ್ದ. "ಅವತ್ತು ಬರ್ದದ್ದು ಸುಳ್ಳು ಅಂತ ಇವತ್ತು ಬಂದಿದ್ದೀರಿ. ಇವತ್ತು ಹೇಳಿದ್ದು ಸುಳ್ಳು ಅಂತ ನಾಳೆ ಇನ್ಯಾರಾದ್ರೂ ಬರ್ತಾರಾ?" ಎಂದು ಕೇಳಿದ. ಆ ಮಾತು ಚುಚ್ಚಿತು.

ನಾಲ್ಕನೆಯ ಮನೆಯಲ್ಲಿ ಒಬ್ಬ ಮುದುಕಿ. ಅವಳ ಸೊಸೆ ಆ ದೋಣಿಯಲ್ಲಿದ್ದಳು. ನಾನು ಹೇಳಿದ್ದನ್ನೇ ಮತ್ತೆ ಹೇಳಿದೆ. ಹೇಳುತ್ತ ಹೇಳುತ್ತ ಮಾತು ಬಾಯಿಪಾಠವಾಗಿ ಬಿಟ್ಟಿತ್ತು, ಅದಕ್ಕೇ ಇನ್ನಷ್ಟು ನಾಚಿಕೆಯಾಯಿತು.

"ಪೊರ್ಬುಗಳು ಕುಡಿಯುದಿಲ್ಲ ಅಂತ ನಮಗೆ ಗೊತ್ತಿಲ್ವಾ?" ಎಂದಳು ಮುದುಕಿ. "ಮದುವೆಯಾಗಿ ಬಂದಂದಿನಿಂದ ಅವರ ದೋಣಿಯಲ್ಲೇ ಹೋದದ್ದು ನಾನು. ಮೊದಲು ಅವರ ಅಪ್ಪ ಇದ್ರು, ಮತ್ತೆ ಇವರು. ಒಂದು ದಿನ ವಾಸನೆ ಬಂದದ್ದು ಉಂಟಾ?"

"ಮತ್ತೆ ಯಾಕಮ್ಮ ನಂಬಿದ್ರಿ?"

"ಪೇಪರಲ್ಲಿ ಬಂತಲ್ಲ ಮಗಾ. ಒಂದರಲ್ಲಿ ಅಲ್ಲ, ಅಷ್ಟರಲ್ಲಿ ಬಂತಲ್ಲ. ನನಗೇ ಮನುಷ್ಯರ ಗುರ್ತ ಸಿಗ್ಲಿಲ್ಲ ಅಂತ ಗ್ರಹಿಸಿದೆ."

ಬಾಯಮ್ಮ ಅಂಗಳದ ತುದಿಯಲ್ಲಿ ಸೆರಗು ಹಿಡಿದು ನಿಂತಿದ್ದರು. ಮುದುಕಿ ಗೋಡೆ ಹಿಡಿದು ಎದ್ದು ಮೆಟ್ಟಿಲಿನವರೆಗೆ ಬಂದು, "ಅಲ್ಲಿ ಎಂತಕ್ಕೆ ನಿಂತದ್ದು ಬಾಯಮ್ಮ, ಒಳಗೆ ಬನ್ನಿ" ಎಂದಳು. ಬಾಯಮ್ಮ ಚಪ್ಪಲಿ ಬಿಟ್ಟು ಒಳಗೆ ಹೋದರು. ಮಗಳೂ ಹೋದಳು. ನನ್ನನ್ನು ಕರೆಯಲಿಲ್ಲ.